ಸೊನ್ನೆಯ ಮನೆ

ನ್ಯೂಪೋರ್ಟ್, ನವೆಂಬರ್. ಅಸ್ಕ್ ನದಿಯ ಉಬ್ಬರ ಇಳಿದು
ಎರಡೂ ದಡದ ಕೆಸರು ಹಲ್ಲಿಲ್ಲದ ಒಸಡಿನಂತೆ ಹೊಳೆಯುತ್ತಿದೆ.
ಮೂರನೆಯ ಮಹಡಿಯ ಹೀಟರು ಕೆಟ್ಟು ವಾರವಾಯಿತು.
ನನ್ನ ಮುಂದೆ ಹತ್ತು ವರ್ಷ ಹಳೆಯ ಕೋಷ್ಟಕ:
ನೂರಾ ಐದು ಅಡ್ಡಸಾಲು, ನೂರಾ ಐದು ಕಂಬಸಾಲು,
ಯಾರು ಯಾರಿಗೆ ಎಷ್ಟು ಮಾರಿದರು ಎಂಬ
ಒಂದು ದೇಶದ ಕೊಡುಕೊಳ್ಳುವಿಕೆ.

ಒಂದೊಂದು ಚೌಕಕ್ಕೂ ಆಫೀಸಿನಲ್ಲಿ ಬೇರೇನೋ ಹೆಸರು.
ನಾನು ಮನೆ ಅನ್ನುತ್ತೇನೆ, ಚೌಕಾಬಾರದಲ್ಲಿ ಅಂದ ಹಾಗೆ.
ಹನ್ನೊಂದು ಸಾವಿರದ ಇಪ್ಪತ್ತೈದು ಮನೆ.
ಕಾಯಿ ನಡೆಸುವವರು ಕಾಣುವುದಿಲ್ಲ.

ಹೊಸ ಸಮೀಕ್ಷೆಗೆ ದುಡ್ಡಿಲ್ಲವಂತೆ. ಅಂಚಿನ ಮೊತ್ತಗಳಷ್ಟೇ ಬಂದಿವೆ:
ಉಕ್ಕು ಒಟ್ಟು ಇಷ್ಟು ಮಾರಿತು,
ಬೇಕರಿಗಳು ಒಟ್ಟು ಇಷ್ಟು ಕೊಂಡವು.
ಒಳಗಿನದು ನನ್ನ ಪಾಲಿಗೆ.

ಅಡ್ಡಕ್ಕೆ ಗುಣಿಸುತ್ತೇನೆ, ಸಾಲು ಕೂಡುತ್ತದೆ, ಕಂಬ ವಾಲುತ್ತದೆ.
ಉದ್ದಕ್ಕೆ ಗುಣಿಸುತ್ತೇನೆ, ಕಂಬ ನೆಟ್ಟಗೆ, ಸಾಲು ಸೊಟ್ಟ.
ನವಾರು ಮಂಚ ಬಿಗಿದ ಹಾಗೆ:
ಹಾಸು ಎಳೆದರೆ ಹೊಕ್ಕು ಸಡಿಲ,
ಹೊಕ್ಕು ಎಳೆದರೆ ಹಾಸು.
ಮತ್ತೆ ಅಡ್ಡ. ಮತ್ತೆ ಉದ್ದ.
ತಪ್ಪು ಸವೆಯುತ್ತ ಸವೆಯುತ್ತ
ಹದಿನೇಳನೆಯ ಸುತ್ತಿಗೆ ಒಂದು ಪೆನ್ನಿಯೂ ಉಳಿಯದೆ
ಎಲ್ಲ ಸರಿಹೋಗುತ್ತದೆ.

ಸರಿಹೋಗುವುದು ಬೇರೆ, ಸರಿಯಾಗಿರುವುದು ಬೇರೆ.
ಇದನ್ನು ಕಲಿಯಲು ನನಗೆ ಮೂರು ಸರ್ಕಾರ ಹಿಡಿಯಿತು.

ಹಿಂದೊಮ್ಮೆ, ನಾವು ಊಹಿಸಿ ಮುಗಿಸಿದ ಮೇಲೆ
ನಿಜವಾದ ಸಮೀಕ್ಷೆ ತಡವಾಗಿ ಬಂತು.
ಎರಡು ಹಾಳೆಯನ್ನೂ ಒಂದರ ಮೇಲೊಂದಿಟ್ಟು
ಕಿಟಕಿಯ ಬೆಳಕಿಗೆ ಹಿಡಿದೆವು, ನಾನು ಮತ್ತು ಮೆರಿಯೆಲ್ ಪ್ರಾಸರ್.
ವಿದ್ಯುತ್ತು, ಸಾಗಣೆ, ಬ್ಯಾಂಕು: ಕೂದಲೆಳೆಯ ಅಂತರ.
ಉಕ್ಕಿನಿಂದ ಬಿಸ್ಕತ್ತಿನ ಡಬ್ಬಿಗೆ
ನಾವು ಬರೆದದ್ದು ನಲವತ್ತು, ಇದ್ದದ್ದು ಆರು.
ಡಬ್ಬಿಯವರು ಯಾವತ್ತೋ ಪ್ಲಾಸ್ಟಿಕ್ಕಿಗೆ ಹೋಗಿಬಿಟ್ಟಿದ್ದರು.
ಗುಣಾಕಾರಕ್ಕೆ ಅದು ಹೇಗೆ ಗೊತ್ತಾಗಬೇಕು?
ಸಾಲಿಗೆ ಬಂದ ನಷ್ಟವನ್ನು ಎಲ್ಲ ಮನೆಗೂ
ಒಂದೇ ಸೌಟಿನಲ್ಲಿ ಬಡಿಸುವುದು ಅದರ ನ್ಯಾಯ.

ಮೆರಿಯೆಲ್ ಅಂದಳು: "ದೊಡ್ಡ ಮನೆಗಳು ಸರಿಯಿದ್ದರೆ ಸಾಕು.
ಭಾವಚಿತ್ರದಲ್ಲಿ ಮೂಗು ಮೂಗಿನ ಜಾಗದಲ್ಲಿದ್ದರೆ
ರೆಪ್ಪೆಗೂದಲು ಯಾರು ಎಣಿಸುತ್ತಾರೆ?"
ಅವಳ ತಂದೆ ಕುಲುಮೆಯಲ್ಲಿ ದುಡಿದವನು.
ಆರರ ಮೇಲೆ ಅವಳ ಬೆರಳು
ಬಹಳ ಹೊತ್ತು ಇತ್ತು.

ಈ ಸಲದ ತೊಂದರೆ ಇನ್ನೂ ಸಣ್ಣದು.
ಪಿಲ್ ಬೀದಿಗಳ ಕಡೆಯಿಂದ ಒಂದು ಫಾರಂ,
ಅಂಚಿಗೆ ಕಂದು ಕಲೆ, ಸ್ವಲ್ಪ ಉಪ್ಪಿನ ವಾಸನೆ.
ಡೈಲ್ವೆನ್ ಹ್ಯಾವರ್ಡ್, ಎರಡು ಕೋಣೆ, ಮೂರು ಜನ,
ಕಡಲಪಾಚಿಯಿಂದ ಕೋಟಿನ ಗುಂಡಿ ಮಾಡುತ್ತಾರೆ.
"ಪಾಚಿ ಕೊಂಡದ್ದು ಮೂರು ಸಾವಿರದ ಇನ್ನೂರು ಪೌಂಡು.
ಯಾವ ವಿಭಾಗಕ್ಕೆ ಬರೆಯಬೇಕೋ ತಿಳಿಯದು, ಕ್ಷಮಿಸಿ."

ಹುಡುಕಿದೆ. ಮೀನುಗಾರಿಕೆಯ ಸಾಲು, ಉಡುಪಿನ ಕಂಬ,
ಎರಡೂ ಕೂಡುವಲ್ಲಿ ಸೊನ್ನೆ.
ಸೊನ್ನೆಯನ್ನು ಏತರಿಂದ ಗುಣಿಸಿದರೂ ಸೊನ್ನೆ,
ಮಗ್ಗಿ ಬಾಯಿಪಾಠ ಮಾಡಿದವರಿಗೆಲ್ಲ ಗೊತ್ತು.
ಹದಿನೇಳಲ್ಲ, ಹದಿನೇಳು ಸಾವಿರ ಸುತ್ತು ಹಾಕಿದರೂ
ಆ ಮನೆಯಲ್ಲಿ ದೀಪ ಹತ್ತುವುದಿಲ್ಲ.
ಸತ್ತ ಕಸುಬು ಲೆಕ್ಕದಲ್ಲಿ ತೆಳ್ಳಗಾಗಿ ಬದುಕಿರುತ್ತದೆ,
ಹುಟ್ಟಿದ್ದಕ್ಕೆ ಜಾಗವಿಲ್ಲ.

ನಮ್ಮ ಲೆಕ್ಕ ದಶಲಕ್ಷಗಳಲ್ಲಿ. ಅಂದರೆ ಅವಳ ಪಾಚಿ
ಸೊನ್ನೆ ಬಿಂದು ಸೊನ್ನೆ ಸೊನ್ನೆ ಮೂರು.
ಅಚ್ಚಿನಲ್ಲಿ ಅದೂ ಸೊನ್ನೆಯೆಂದೇ ಬೀಳುತ್ತದೆ.
ಮಂತ್ರಿಗಳು ನೋಡುವುದು ಸೊನ್ನೆ. ಡೈಲ್ವೆನ್,
ಒಂದು ವೇಳೆ ನೋಡಿದರೆ, ಅವಳಿಗೂ.

ಆದರೂ ಬೆರಳಚ್ಚು ಒತ್ತಿದೆ.
ಮುಂದಿನ ಸಲ ಈ ಕುರ್ಚಿಯಲ್ಲಿ ಕೂತವರು
ಗುಣಿಸಲು ಹೊರಟಾಗ
ಅಲ್ಲಿ ಗುಣಿಸಲು ಏನೋ ಒಂದು ಇರುತ್ತದೆ.

ಮೆರಿಯೆಲ್ ಹೆಗಲ ಹಿಂದಿನಿಂದ ಬಗ್ಗಿ ನೋಡಿದಳು,
ಏನೂ ಅನ್ನಲಿಲ್ಲ. ಹೀಟರಿನವನು ಬಂದನೇ ಎಂದು ಕೇಳಿದಳು.
ಮೊದಲಿನಿಂದ ಓಡಿಸಿದೆ. ಅಡ್ಡ, ಉದ್ದ, ಅಡ್ಡ.
ಈ ಸಲ ಸರಿಹೋಗಲು
ಒಂದು ಸುತ್ತು ಹೆಚ್ಚು ಬೇಕಾಯಿತು.